ಒಂದು ಪೈಸೆಯ ಪತ್ರಿಕೆ, ಒಂದು ಸಮುದಾಯದ ನೆನಪು

ಕೋಲಾರದ ಚಿನ್ನದ ಗಣಿಯ ಚರಿತ್ರೆಯನ್ನು ಬರೆದವರೆಲ್ಲರೂ ಸಾಮಾನ್ಯವಾಗಿ ಲೋಹದ ಲೆಕ್ಕದಿಂದಲೇ ಆರಂಭಿಸಿದ್ದಾರೆ. 1880ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆ ಇಲ್ಲಿಗೆ ಕಾಲಿಟ್ಟದ್ದು, 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಹಳಿ ಹಾಸಿದ್ದು, 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ತಂತಿಯ ಮೇಲೆ ಹರಿದುಬಂದು ಗಣಿಯ ಯಂತ್ರಗಳನ್ನು ತಿರುಗಿಸಿದ್ದು, ಚಾಂಪಿಯನ್ ರೀಫ್ ಗಣಿ ನೆಲದಡಿಯಲ್ಲಿ ಮೂರು ಕಿಲೋಮೀಟರಿಗೂ ಮೀರಿ ಇಳಿದದ್ದು: ಇವೆಲ್ಲ ಶಾಲೆಯ ಮಕ್ಕಳಿಗೂ ತಿಳಿದ ಸಂಗತಿಗಳು. ಆದರೆ ಆ ಆಳಕ್ಕೆ ಇಳಿದು, ಕಾವಿನಲ್ಲಿ ಬೆಂದು, ಧೂಳನ್ನು ಉಸಿರಾಡಿ ಮೇಲೆ ಬಂದ ಮನುಷ್ಯನು ತನ್ನ ಬಿಡುವಿನ ವೇಳೆಯಲ್ಲಿ ಏನನ್ನು ಓದುತ್ತಿದ್ದನು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಆ ಪ್ರಶ್ನೆಗೆ ಉತ್ತರ ಹುಡುಕಹೊರಟರೆ, ಪಂಡಿತ ಅಯೋತಿದಾಸರೆಂಬ ಪತ್ರಕರ್ತರ ಬಾಳಿನ ಕಥೆ ಎದುರಾಗುತ್ತದೆ.

ಗಣಿಯ ಕೂಲಿಕಾರರಲ್ಲಿ ಬಹುಸಂಖ್ಯಾತರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಮೊದಲಾದ ಸೀಮೆಗಳಿಂದ ಬಂದವರು. ಅವರಲ್ಲಿ ಹೆಚ್ಚಿನವರು ತಮ್ಮ ಹಳ್ಳಿಗಳಲ್ಲಿ ಅಸ್ಪೃಶ್ಯರೆನಿಸಿ, ಭೂಮಿಯಿಲ್ಲದೆ, ಬಾವಿಯ ನೀರಿಗೂ ಗುಡಿಯ ಬಾಗಿಲಿಗೂ ದೂರವಾಗಿ ಬದುಕಿದವರು. ಗಣಿಯ ಕೆಲಸ ಕ್ರೂರವಾಗಿದ್ದಿತು, ಪ್ರಾಣಾಂತಿಕವಾಗಿದ್ದಿತು. ಆದರೂ ಅಲ್ಲಿ ತಿಂಗಳಿಗೆ ಕೂಲಿಯ ಹಣ ಕೈಗೆ ಬರುತ್ತಿದ್ದಿತು, ಊರಿನ ಜಮೀನ್ದಾರನ ಕಣ್ಣು ಅಲ್ಲಿಗೆ ತಲುಪುತ್ತಿರಲಿಲ್ಲ. ಹೊಟ್ಟೆಯ ಚಿಂತೆ ಸ್ವಲ್ಪ ಹಗುರವಾದ ಕೂಡಲೇ ಮನುಷ್ಯನಲ್ಲಿ ಇನ್ನೊಂದು ಹಸಿವು ಹುಟ್ಟುತ್ತದೆ. ನಾವು ಯಾರು, ನಮ್ಮ ಹಿರಿಯರು ಯಾರು, ಈ ಹೀನಸ್ಥಿತಿ ನಮಗೆ ಯಾವಾಗ, ಯಾರಿಂದ ಬಂತು ಎಂಬ ಹಸಿವು ಅದು. ಅಯೋತಿದಾಸರು ತಮ್ಮ ಜೀವಮಾನವನ್ನು ಸವೆಸಿದ್ದು ಈ ಹಸಿವಿಗೆ ಅನ್ನವಿಕ್ಕುವುದಕ್ಕಾಗಿ.

ಅವರು ಹುಟ್ಟಿದ್ದು 1845ರ ಮೇ 20ರಂದು. ತಂದೆತಾಯಿಗಳಿಟ್ಟ ಹೆಸರು ಕಾತ್ತವರಾಯನ್. ತಮಗೆ ವಿದ್ಯೆ ಕಲಿಸಿದ ಗುರುವಿನ ಹೆಸರು ಅಯೋತಿದಾಸ ಕವಿರಾಜ ಪಂಡಿತರು. ಶಿಷ್ಯನು ಗುರುಭಕ್ತಿಯಿಂದ ಆ ಹೆಸರನ್ನೇ ತನ್ನದಾಗಿ ಮಾಡಿಕೊಂಡನು. ಗುರುವಿನ ಹೆಸರನ್ನು ಹೊತ್ತು ಬಾಳಿದ ಶಿಷ್ಯರು ನಮ್ಮ ನಾಡಿನಲ್ಲಿ ಅನೇಕರಿದ್ದಾರೆ. ಆದರೆ ಗುರುವಿನ ಹೆಸರನ್ನು ಗುರುವಿಗಿಂತ ದೂರ ಕೊಂಡೊಯ್ದವರು ಕೆಲವರೇ. ತಮಿಳಿನ ಪ್ರಾಚೀನ ಕಾವ್ಯಗಳು, ಸಿದ್ಧವೈದ್ಯ, ಸಂಸ್ಕೃತ, ಪಾಳಿ, ಇಂಗ್ಲಿಷ್ ಇವುಗಳಲ್ಲಿ ಅವರು ಪರಿಶ್ರಮ ಪಡೆದಿದ್ದರು. ಜೀವನೋಪಾಯಕ್ಕೆ ವೈದ್ಯವೃತ್ತಿ ಆಧಾರವಾಗಿದ್ದಿತು. ಮುಂದೆ ತಮಿಳಿನ ಶ್ರೇಷ್ಠ ಗದ್ಯಲೇಖಕರೂ ಕಾರ್ಮಿಕ ನಾಯಕರೂ ಆದ ತಿರು. ವಿ. ಕಲ್ಯಾಣಸುಂದರರು ಬಾಲ್ಯದಲ್ಲಿ ಕೈಕಾಲು ಸ್ವಾಧೀನತಪ್ಪಿ ಮಲಗಿದ್ದಾಗ ಅವರಿಗೆ ಚಿಕಿತ್ಸೆ ಮಾಡಿ ನಡೆಯುವಂತೆ ಮಾಡಿದವರು ಇದೇ ಪಂಡಿತರು.

ಅವರ ಮನೆತನದಲ್ಲಿ ವಿದ್ಯೆಯ ಒಂದು ಎಳೆ ಮೊದಲಿನಿಂದಲೂ ಇದ್ದಿತು. ಅಜ್ಜ ಕಂದಪ್ಪನವರು ಆಂಗ್ಲ ಅಧಿಕಾರಿಯೊಬ್ಬರ ಮನೆಯಲ್ಲಿ ಬಟ್ಲರ್ ಆಗಿದ್ದವರು. ಅವರ ಮನೆಯಲ್ಲಿದ್ದ ತಿರುಕ್ಕುರಳಿನ ಓಲೆಗರಿಗಳು ಆ ಅಧಿಕಾರಿಯ ಮೂಲಕ ವಿದ್ವಾಂಸ ಎಫ್. ಡಬ್ಲ್ಯು. ಎಲ್ಲಿಸ್ ಅವರ ಕೈಸೇರಿದವೆಂದು ಪಂಡಿತರೇ ಬರೆದಿಟ್ಟಿದ್ದಾರೆ. ಅಡಿಗೆಮನೆಯಲ್ಲಿ ನಿಂತು ದುಡಿದವನ ಮನೆಯ ಅಟ್ಟದಿಂದ ಒಂದು ಮಹಾಗ್ರಂಥದ ಪ್ರತಿ ಹೊರಬಂದಿತೆಂಬ ಈ ವೃತ್ತಾಂತ ಮೊಮ್ಮಗನ ಮನಸ್ಸಿನಲ್ಲಿ ಆಳವಾಗಿ ನಾಟಿದ್ದಿತು. ತಮ್ಮವರು ಅಕ್ಷರಹೀನರಾಗಿ ಹುಟ್ಟಿದವರಲ್ಲ, ಅಕ್ಷರವನ್ನು ಕಳೆದುಕೊಂಡವರು ಎಂಬ ನಂಬಿಕೆಗೆ ಅದೇ ಬೀಜವಾಯಿತು.

ಯೌವನದಲ್ಲಿ ಅವರು ನೀಲಗಿರಿಯಲ್ಲಿದ್ದರು. 1870ರ ದಶಕದಲ್ಲಿ ಅಲ್ಲಿ ಅದ್ವೈತಾನಂದ ಸಭೆಯನ್ನು ನಡೆಸಿದರು. 1881ರ ಜನಗಣತಿಯ ಹೊತ್ತಿಗೆ, ತಮ್ಮವರನ್ನು ಆದಿ ತಮಿಳರೆಂದು ದಾಖಲಿಸಬೇಕೆಂಬ ಬೇಡಿಕೆಯನ್ನು ಸರ್ಕಾರದ ಮುಂದಿಟ್ಟರು. 1885ರಲ್ಲಿ ಪಾದ್ರಿ ಜಾನ್ ರತ್ನಂ ಅವರ ಜೊತೆಗೂಡಿ ‘ದ್ರಾವಿಡ ಪಾಂಡ್ಯನ್’ ಎಂಬ ಪತ್ರಿಕೆಯಲ್ಲಿ ಕೈಯಾಡಿಸಿದರು. 1891ರ ಡಿಸೆಂಬರಿನಲ್ಲಿ ಉದಕಮಂಡಲದಲ್ಲಿ ದ್ರಾವಿಡ ಮಹಾಜನ ಸಭೆಯನ್ನು ಸೇರಿಸಿ, ಶಿಕ್ಷಣ, ಉದ್ಯೋಗ, ಕಾನೂನಿನ ರಕ್ಷಣೆ ಇವುಗಳನ್ನು ಕುರಿತು ಹತ್ತು ನಿರ್ಣಯಗಳನ್ನು ಅಂಗೀಕರಿಸಿದರು. ಮರುವರ್ಷ ಮದರಾಸಿನ ಗಣ್ಯರ ಸಭೆಯೊಂದರಲ್ಲಿ ನೀಲಗಿರಿಯ ಪ್ರತಿನಿಧಿಯಾಗಿ ಎದ್ದುನಿಂತು, ವಿಷ್ಣು ಶಿವಾಲಯಗಳ ಬಾಗಿಲು ತಮ್ಮವರಿಗೇಕೆ ತೆರೆಯಬಾರದೆಂದು ಕೇಳಿದರು. ನಿಮಗೆ ನಿಮ್ಮ ಗ್ರಾಮದೇವತೆಗಳಿವೆಯಲ್ಲ ಎಂಬ ಅರ್ಥದ ಉತ್ತರ ಬಂದಿತು. ಹಾಗಾದರೆ ಆ ನಿಮ್ಮ ದೇವರುಗಳು ನಮಗೆ ಬೇಡ, ನಮ್ಮ ಮಕ್ಕಳಿಗೆ ನಾಲ್ಕನೆಯ ತರಗತಿಯವರೆಗೆ ಉಚಿತ ಶಿಕ್ಷಣವನ್ನೂ, ಬಂಜರು ಭೂಮಿಯಲ್ಲಿ ಒಂದು ಪಾಲನ್ನೂ ಕೊಡಿಸಿರಿ ಎಂಬುದು ಅವರ ಮುಂದಿನ ಮಾತಾಯಿತು. ಗುಡಿಯ ಬಾಗಿಲು ಮುಚ್ಚಿದ ಕ್ಷಣದಲ್ಲಿಯೇ ಶಾಲೆಯ ಬಾಗಿಲನ್ನು ತಟ್ಟಿದ ಈ ಪ್ರಸಂಗವನ್ನು ಶಿಕ್ಷಕರಾದವರು ಮರೆಯುವಂತಿಲ್ಲ.

ಥಿಯಾಸಾಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟರು 1894ರಲ್ಲಿ ಅಡ್ಯಾರಿನಲ್ಲಿ ಪಂಚಮರ ಮಕ್ಕಳಿಗಾಗಿ ಉಚಿತ ಶಾಲೆಯನ್ನು ತೆರೆದಿದ್ದರು. ಅವರ ಪರಿಚಯ ಪಂಡಿತರ ಬಾಳಿಗೆ ಹೊಸ ತಿರುವನ್ನು ತಂದಿತು. 1898ರಲ್ಲಿ ಆಲ್ಕಾಟರ ನೆರವಿನಿಂದ ಸಿಂಹಳಕ್ಕೆ ಹೋಗಿ, ಪೂಜ್ಯ ಸುಮಂಗಲ ನಾಯಕ ಥೇರರಿಂದ ಪಂಚಶೀಲವನ್ನು ಸ್ವೀಕರಿಸಿ, ಹಿಂದಿರುಗಿ ಮದರಾಸಿನ ರಾಯಪೇಟೆಯಲ್ಲಿ ಶಾಕ್ಯ ಬೌದ್ಧ ಸಂಘವನ್ನು ಸ್ಥಾಪಿಸಿದರು. ಆಗ ಅವರಿಗೆ ಐವತ್ತಮೂರು ವರ್ಷ. ಬಹುಮಂದಿ ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ ಅವರ ನಿಜವಾದ ಕಾರ್ಯ ಆರಂಭವಾಯಿತು.

1907ರ ಜೂನ್ 19ರಂದು ‘ಒರು ಪೈಸಾ ತಮಿಳನ್’ ಎಂಬ ವಾರಪತ್ರಿಕೆ ಹೊರಬಂದಿತು. ನಾಲ್ಕು ಪುಟ, ಬೆಲೆ ಹೆಸರಿನಲ್ಲಿಯೇ ಇದ್ದಂತೆ ಒಂದು ಪೈಸೆ, ಎಂದರೆ ಅಂದಿನ ಕಾಲಾಣೆ. ಒಂದು ವರ್ಷದ ಬಳಿಕ ‘ತಮಿಳನ್’ ಎಂಬುದಷ್ಟೇ ಹೆಸರಾಗಿ ಉಳಿಯಿತು. ರಾಜಕೀಯ, ಚರಿತ್ರೆ, ಧರ್ಮ, ವೈದ್ಯ, ವ್ಯವಸಾಯ, ಓದುಗರ ಸಂದೇಹಗಳಿಗೆ ಸಮಾಧಾನ ಎಲ್ಲಕ್ಕೂ ಅಲ್ಲಿ ಸ್ಥಳವಿದ್ದಿತು. ಸ್ವದೇಶೀ ಚಳವಳಿಯ ಕಾವು ಏರಿದ್ದ ಆ ದಿನಗಳಲ್ಲಿ ಪತ್ರಿಕೆ ಒಂದು ಅಹಿತವಾದ ಪ್ರಶ್ನೆಯನ್ನು ಪದೇಪದೇ ಎತ್ತುತ್ತಿದ್ದಿತು: ಸ್ವರಾಜ್ಯ ಬಂದ ಮೇಲೆ ಅದು ಯಾರ ರಾಜ್ಯವಾಗುವುದು? ಆ ಪ್ರಶ್ನೆಗಾಗಿ ಅವರನ್ನು ಆಂಗ್ಲರ ಪಕ್ಷಪಾತಿಯೆಂದು ಜರೆದವರುಂಟು. ಆದರೆ ಆ ಪ್ರಶ್ನೆಯ ಮೊನೆ ಇಂದಿಗೂ ಮೊಂಡಾಗಿಲ್ಲ.

ಪತ್ರಿಕೆಯಷ್ಟೇ ಮುಖ್ಯವಾದದ್ದು ಅವರ ಅರ್ಥಾನುವಾದದ ಕೆಲಸ. ಪಾಳಿಯ ಧರ್ಮಪರಿಭಾಷೆಯನ್ನು ಅವರು ದುಡಿಯುವವರ ತಮಿಳಿಗೆ ಇಳಿಸಿದರು. ಬುದ್ಧನ ಚರಿತ್ರೆಯನ್ನೂ ಬೋಧನೆಯನ್ನೂ ‘ಆದಿ ವೇದಂ’ ಎಂಬ ಕೃತಿಯಲ್ಲಿ ಪತ್ರಿಕೆಯ ಓದುಗರಿಗಾಗಿ ಕಂತುಕಂತಾಗಿ ಬರೆದರು. ‘ಇಂದಿರರ್ ದೇಶ ಚರಿತ್ತಿರಂ’ ಎಂಬ ಬರಹದಲ್ಲಿ, ಪಂಚೇಂದ್ರಿಯಗಳನ್ನು ಗೆದ್ದ ಬುದ್ಧನಿಗೆ ‘ಇಂದಿರ’ನೆಂಬ ಹೆಸರೆಂದೂ, ಅದರಿಂದಲೇ ಈ ದೇಶಕ್ಕೆ ಹೆಸರು ಬಂದಿತೆಂದೂ ಪ್ರತಿಪಾದಿಸಿದರು. ತಿರುಕ್ಕುರಳನ್ನು ‘ತ್ರಿಕುರಳ್’ ಎಂದು ಓದಿ ತ್ರಿಪಿಟಕದೊಡನೆ ಜೋಡಿಸಿದರು. ದೀಪಾವಳಿಯ ಅಭ್ಯಂಜನ, ಕಾರ್ತಿಕದ ದೀಪ ಇವುಗಳ ಹಿಂದೆ ಎಣ್ಣೆಯ ಗುಣವನ್ನು ಕಂಡುಹಿಡಿದು ಜನರಿಗೆ ತಿಳಿಸಿದ ಬೌದ್ಧ ಭಿಕ್ಷುಗಳ ನೆನಪಿದೆ ಎಂದರು.

ಇಂಥ ವ್ಯುತ್ಪತ್ತಿಗಳನ್ನು ಇಂದಿನ ಭಾಷಾವಿಜ್ಞಾನ ಒಪ್ಪುವುದಿಲ್ಲ. ಅದನ್ನು ಮುಚ್ಚಿಡುವುದರಿಂದ ಪಂಡಿತರ ಗೌರವವೇನೂ ಹೆಚ್ಚುವುದಿಲ್ಲ. ಆದರೆ ತಮಿಳುನಾಡಿನಲ್ಲಿ ಬೌದ್ಧಧರ್ಮ ಒಂದು ಕಾಲಕ್ಕೆ ಹುಲುಸಾಗಿ ಬೆಳೆದಿದ್ದಿತೆಂಬ ಅವರ ಮೂಲ ಮಾತಿಗೆ ‘ಮಣಿಮೇಖಲೈ’ ಕಾವ್ಯವೂ, ರಾಜರಾಜ ಚೋಳನ ಕಾಲದ ನಾಗಪಟ್ಟಣದ ವಿಹಾರವೂ, ಅಲ್ಲಿನ ಮಣ್ಣಿನಲ್ಲಿ ದೊರೆತ ನೂರಾರು ಕಂಚಿನ ಬುದ್ಧಪ್ರತಿಮೆಗಳೂ ಸಾಕ್ಷಿ. ಕನ್ನಡ ನಾಡಿನಲ್ಲಿಯೂ ಕ್ರಿ.ಶ. 968ರ ಕದ್ರಿಯ ಲೋಕೇಶ್ವರ ವಿಗ್ರಹವಿದೆ, ಸನ್ನತಿಯ ಸ್ತೂಪವಿದೆ. ಪಂಡಿತರು ತೀರಿಕೊಂಡ ಮರುವರ್ಷ, 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಶಾಸನ ಬೆಳಕಿಗೆ ಬಂದಿತು. ಅದನ್ನು ಕಂಡವರು ಚಿನ್ನವನ್ನು ಹುಡುಕುತ್ತ ಅಲ್ಲಿಗೆ ಬಂದಿದ್ದ ಗಣಿ ಇಂಜಿನಿಯರು ಬೀಡನ್. ಚಿನ್ನಕ್ಕಾಗಿ ಅಲೆದವರಿಗೆ ಧರ್ಮಲಿಪಿ ದೊರೆತ ಈ ಸಂಗತಿಯನ್ನು ಪಂಡಿತರು ಬದುಕಿದ್ದು ಕೇಳಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ!

ಶಾಕ್ಯ ಬೌದ್ಧ ಸಂಘದ ಶಾಖೆಗಳು ಬೆಂಗಳೂರಿನಲ್ಲಿ, ರಂಗೂನಿನಲ್ಲಿ, ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದವು. ಆದರೆ ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ್ದು ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್ ಬಡಾವಣೆಗಳಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ನೆಲೆಗೊಂಡಿತು. ಎಂ. ವೈ. ಮುರುಗೇಶರು, ಎ. ಪಿ. ಪೆರಿಯಸ್ವಾಮಿ ಪುಲವರು ಮೊದಲಾದವರು ಅದರ ಆಧಾರಸ್ತಂಭಗಳಾದರು. ಮದರಾಸಿನಲ್ಲಿ ಅಚ್ಚಾದ ಪತ್ರಿಕೆಯನ್ನು ಉಳಿಸಿದ ಆಸರೆಗಳಲ್ಲಿ ಈ ಗಣಿಯ ಊರಿನ ಚಂದಾದಾರರ ಮತ್ತು ದಾನಿಗಳ ಪಾಲು ದೊಡ್ಡದು. ಓದು ಬಲ್ಲವನೊಬ್ಬನು ಗಟ್ಟಿಯಾಗಿ ಓದಿದರೆ ಸಾಕು, ಕಾಲಾಣೆಯ ಒಂದು ಪ್ರತಿ ಇಡೀ ಕೂಲಿಸಾಲಿನ ಸೊತ್ತಾಗುವುದು. ದಾನವೆಂದರೆ ಸಿರಿವಂತರ ಧರ್ಮವೆಂದು ತಿಳಿದವರು, ದಿನಗೂಲಿಯಲ್ಲಿ ಉಳಿಸಿದ ಕಾಸು ಒಂದು ಪತ್ರಿಕೆಯನ್ನು ಸಾಕಿದ ಈ ಬಗೆಯನ್ನು ಗಮನಿಸಬೇಕು.

1914ರ ಮೇ 5ರಂದು ಪಂಡಿತರು ಕಾಲವಾದರು. ಪತ್ರಿಕೆ ಕೆಲಕಾಲ ಕುಂಟುತ್ತ ನಡೆದು ನಿಂತಿತು. ಅಲ್ಲಿಗೆ ಕಥೆ ಮುಗಿಯಬಹುದಾಗಿದ್ದಿತು. ಅನೇಕ ಪತ್ರಿಕೆಗಳ ಕಥೆ ಹಾಗೆಯೇ ಮುಗಿದಿದೆ. ಆದರೆ 1926ರಲ್ಲಿ ಜಿ. ಅಪ್ಪಾದುರೈಯವರು ಕೋಲಾರದ ಚಿನ್ನದ ಗಣಿಯಿಂದಲೇ ‘ತಮಿಳನ್’ ಪತ್ರಿಕೆಯನ್ನು ಮತ್ತೆ ಹೊರಡಿಸಿದರು. ಗಣಿಯ ಊರಿನ ಸಿದ್ಧಾರ್ಥ ಪುಸ್ತಕಶಾಲೆ ಪಂಡಿತರ ಬರಹಗಳನ್ನು ಪುಸ್ತಕರೂಪದಲ್ಲಿ ಅಚ್ಚುಹಾಕಿಸಿತು. ಮದರಾಸು ಮರೆತದ್ದನ್ನು ಮಾರಿಕುಪ್ಪಂನ ನೆರೆಹೊರೆ ಮರೆಯಲಿಲ್ಲ. 1999ರಲ್ಲಿ ಜಿ. ಅಲಾಯ್ಸಿಯಸ್ ಅವರು ಪಂಡಿತರ ಬರಹಗಳನ್ನು ಸಂಪಾದಿಸಿ ಪಾಳೆಯಂಕೋಟೆಯಿಂದ ಪ್ರಕಟಿಸಿದಾಗ ವಿದ್ವಜ್ಜಗತ್ತು ಬೆರಗಾಯಿತು. ಆದರೆ ಆ ನಡುವಿನ ದಶಕಗಳಲ್ಲಿ ಆ ಕಾಗದಗಳನ್ನು ಕಾಪಾಡಿದವರಲ್ಲಿ ಇಲ್ಲಿನ ಗಣಿಕಾರ್ಮಿಕರ ಮನೆಗಳೂ ಸೇರಿದ್ದವು. 2005ರಲ್ಲಿ ಭಾರತ ಸರ್ಕಾರ ಪಂಡಿತರ ಸ್ಮರಣೆಗೆ ಅಂಚೆಚೀಟಿಯನ್ನು ಹೊರಡಿಸಿತು. ಚೆನ್ನೈಯ ತಾಂಬರದಲ್ಲಿರುವ ರಾಷ್ಟ್ರೀಯ ಸಿದ್ಧವೈದ್ಯ ಸಂಸ್ಥೆಯ ಆಸ್ಪತ್ರೆ ಅವರ ಹೆಸರನ್ನು ಹೊತ್ತಿದೆ.

ಹೀಗೆ ಒಂದು ಜನಸಮುದಾಯದ ಸಂಸ್ಕೃತಿಗೆ ಪತ್ರಿಕೆಯೊಂದನ್ನೇ ಕೋಟೆಯಾಗಿ ಕಟ್ಟಿದವರು ಬೇರೆಡೆಯೂ ಉಂಟು. ಕಿನ್ನೌರಿನ ಪೂ ಗ್ರಾಮದಲ್ಲಿ 1890ರಲ್ಲಿ ಹುಟ್ಟಿದ ದೋರ್ಜೆ ಥಾರ್ಚಿನ್ ಎಂಬವರು 1925ರಲ್ಲಿ ಕಾಲಿಂಪೋಂಗಿನಿಂದ ಟಿಬೆಟಿನ ಭಾಷೆಯ ವಾರ್ತಾಪತ್ರವನ್ನು ಹೊರಡಿಸಿದರು. ಮೊದಲ ಸಂಚಿಕೆಯ ಪ್ರತಿಗಳು ಸುಮಾರು ಐವತ್ತು ಮಾತ್ರ; ಹದಿಮೂರನೆಯ ದಲೈ ಲಾಮಾ ಅವರೇ ಅದರ ಓದುಗರಾದರು. ಹೊರಜಗತ್ತಿನ ಸುದ್ದಿಯನ್ನು ಟಿಬೆಟಿನ ಮಾತಿಗೆ ತರ್ಜುಮೆ ಮಾಡುತ್ತ, ಗೆದುನ್ ಛೋಫೆಲ್ ಅವರಂಥ ಸ್ವತಂತ್ರ ವಿದ್ವಾಂಸರ ಬರಹಗಳಿಗೆ ಸ್ಥಳಕೊಡುತ್ತ, 1963ರವರೆಗೆ ಆ ಪತ್ರಿಕೆಯನ್ನು ಅವರು ನಡೆಸಿದರು. ಥಾರ್ಚಿನ್ ಕ್ರೈಸ್ತರು, ಆದರೂ ಬೌದ್ಧ ನಾಡೊಂದರ ಭಾಷೆಗೆ ಬಾಳನ್ನೇ ತೆತ್ತರು. ಒಬ್ಬರು ಹಿಮಾಲಯದ ಮಗ್ಗುಲಲ್ಲಿ, ಇನ್ನೊಬ್ಬರು ದಕ್ಷಿಣದಲ್ಲಿ. ಪರಸ್ಪರ ಪರಿಚಯವಿಲ್ಲದ ಈ ಇಬ್ಬರೂ ಅರಿತಿದ್ದ ಸತ್ಯ ಒಂದೇ: ತನ್ನ ಮಾತಿನಲ್ಲಿ ತನ್ನ ಸುದ್ದಿಯನ್ನು ಓದಲಾರದ ಜನ ಬೇಗನೆ ಅನ್ಯರ ಕಥೆಯಲ್ಲಿ ಒಂದು ಅಡಿಟಿಪ್ಪಣಿಯಾಗುತ್ತಾರೆ.

2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು. ಸೈನೈಡ್ ದಿಬ್ಬಗಳು ಇಂದಿಗೂ ಹಾಗೆಯೇ ನಿಂತಿವೆ. ಮಾರಿಕುಪ್ಪಂನಿಂದ ಹೊರಡುವ ರೈಲು ಪ್ರತಿದಿನವೂ ಸಾವಿರಾರು ಜನರನ್ನು ಬೆಂಗಳೂರಿನ ಕೆಲಸಗಳಿಗೆ ಹೊತ್ತೊಯ್ದು ರಾತ್ರಿ ಮರಳಿ ತರುತ್ತದೆ. ಮೇಲೆತ್ತಿದ ಚಿನ್ನ ಎಲ್ಲಿಗೆ ಹೋಯಿತೋ, ಅದನ್ನು ತೆಗೆದವರ ಮಕ್ಕಳಿಗೆ ಅದರಲ್ಲಿ ಉಳಿದ ಪಾಲು ಅತ್ಯಲ್ಪ. ಉಳಿದಿರುವ ಆಸ್ತಿಯೆಂದರೆ ಹಿರಿಯರು ಓದಿದ ಅಕ್ಷರ, ಕಟ್ಟಿದ ವಿಹಾರ, ತೆರೆದ ಶಾಲೆ.

ವಿದ್ಯಾಸಂಸ್ಥೆಗಳನ್ನು ಪೋಷಿಸುವ ಮಹನೀಯರಿಗೂ ಅಧ್ಯಾಪಕ ಬಂಧುಗಳಿಗೂ ಈ ಬಾಳಿನಲ್ಲಿ ಗ್ರಹಿಸಬೇಕಾದ ಅಂಶ ಒಂದುಂಟು. ಪಂಡಿತರ ಕಾಲದಲ್ಲಿ ಈ ಗಣಿಯ ಊರಿನಲ್ಲಿ ಅವರ ಬರಹ ತಮಿಳಿನಲ್ಲಿ ಓದಲ್ಪಟ್ಟಿತು. ಇಂದು ಅದೇ ಊರಿನ ಮಕ್ಕಳು ಕನ್ನಡದಲ್ಲಿ ಕಲಿಯುತ್ತಿದ್ದಾರೆ. ಕನ್ನಡಿಗರಿಗೆ ಅವರ ವಿಚಾರಗಳಲ್ಲಿ ಪರಿಚಯವಾಗಬೇಕಾದದ್ದು ಇನ್ನೂ ಬಹಳವಿದೆ. ಎರಡು ಭಾಷೆಗಳನ್ನೂ ಬಲ್ಲ ವಿದ್ಯಾರ್ಥಿಗಳು ಕೋಲಾರ ಜಿಲ್ಲೆಯ ಶಾಲೆಗಳಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಒಬ್ಬನಾದರೂ, ಒಬ್ಬಳಾದರೂ, ಅಜ್ಜನ ಪೆಟ್ಟಿಗೆಯಲ್ಲಿ ಉಳಿದಿರಬಹುದಾದ ಹಳೆಯ ಸಂಚಿಕೆಯೊಂದನ್ನು ತೆರೆದು, ಅದರ ಒಂದು ಪುಟವನ್ನು ಕನ್ನಡಕ್ಕೆ ತಂದು ತರಗತಿಯಲ್ಲಿ ಓದಿದರೆ, ಒಂದು ಪೈಸೆಯ ಆ ಪತ್ರಿಕೆಗೆ ಸಲ್ಲಬೇಕಾದ ಚಂದಾ ಸಂದಂತಾಗುವುದು.