ಎರಡರಲ್ಲೂ ತೇರ್ಗಡೆ, ಮೊತ್ತದಲ್ಲಿ ನಪಾಸು

ಮನೆ ಕಟ್ಟಿಸುವವರು ಕಬ್ಬಿಣದ ಸರಳಿನ ತೂಕ ನೋಡುತ್ತಾರೆ, ದರದಲ್ಲಿ ಚೌಕಾಸಿ ಮಾಡುತ್ತಾರೆ. ಸರಳಿನೊಡನೆ ಬರುವ ಟೆಸ್ಟ್ ಸರ್ಟಿಫಿಕೇಟ್ ಎಂಬ ಒಂದು ಹಾಳೆ ಮಾತ್ರ ಓದುವವರಿಲ್ಲದೆ ಬಿಲ್ಲುಗಳ ಕಟ್ಟಿಗೆ ಸೇರುತ್ತದೆ. ಮೂರು ದಶಕ ವಿಜ್ಞಾನ ಬೋಧಿಸಿದ ನನಗೆ ಧಾತುಗಳ ಹೆಸರು ಕಂಡಲ್ಲಿ ಕಣ್ಣು ತಾನಾಗಿ ನಿಲ್ಲುತ್ತದೆ.

2019ರಲ್ಲಿ ನಮ್ಮ ಬಡಾವಣೆಯ ವಾಚನಾಲಯದ ಮೇಲೆ ಮಕ್ಕಳಿಗಾಗಿ ಒಂದು ಅಂತಸ್ತು ಕಟ್ಟುವಾಗ ಲೆಕ್ಕಪತ್ರದ ಹೊಣೆ ನನ್ನದಾಗಿತ್ತು. ಬಂದ ಸರಳು ಎಫ್‌ಇ 500 ದರ್ಜೆಯದು. ಹಾಳೆಯಲ್ಲಿ ಇಂಗಾಲ ಶೇ. 0.27, ಗಂಧಕ 0.052, ರಂಜಕ 0.054 ಎಂದಿತ್ತು. ಐಎಸ್ 1786 ಮಾನಕದ 2008ರ ಪರಿಷ್ಕರಣೆಯಂತೆ ಈ ದರ್ಜೆಯಲ್ಲಿ ಇಂಗಾಲ ಶೇ. 0.30ನ್ನೂ, ಗಂಧಕ ಮತ್ತು ರಂಜಕ ತಲಾ 0.055ನ್ನೂ ಮೀರಬಾರದು. ಮೂರೂ ಮಿತಿಯೊಳಗೇ ಇದ್ದವು.

ಆದರೆ ಅದೇ ಕೋಷ್ಟಕದಲ್ಲಿ ಇನ್ನೊಂದು ಸಾಲಿದೆ: ಗಂಧಕ ರಂಜಕಗಳೆರಡರ ಮೊತ್ತ 0.105 ಮೀರಬಾರದು. 0.055ಕ್ಕೆ 0.055 ಕೂಡಿಸಿದರೆ 0.110 ಆಗಬೇಕಷ್ಟೆ? ಈ ಅಂತರ ಮುದ್ರಣದೋಷವಲ್ಲ. ಗಂಧಕ ಹೆಚ್ಚಾದರೆ ಉಕ್ಕು ಕೆಂಪಗೆ ಕಾದಾಗ ಬಿರಿಯುತ್ತದೆ. ರಂಜಕ ಹೆಚ್ಚಾದರೆ ತಣ್ಣಗಿರುವಾಗ ಪೆಡಸಾಗುತ್ತದೆ. ಒಂದು ಗರಿಷ್ಠ ಮಿತಿಯನ್ನು ಮುಟ್ಟಿದ್ದರೆ ಇನ್ನೊಂದು ಕೊಂಚ ತಗ್ಗಿರಲೇಬೇಕೆಂಬುದು ಆ ಸಾಲಿನ ಅರ್ಥ. ನಮ್ಮ ಹಾಳೆಯ ಮೊತ್ತ 0.106.

"ಮೇಷ್ಟ್ರೇ, ಎರಡೂ ಪಾಸಾಗಿವೆಯಲ್ಲ, ಇನ್ನೇನು ನೋಡ್ತೀರಿ?" ಎಂದರು ಅಂಗಡಿಯವರು. ಗುತ್ತಿಗೆದಾರರ ಕಡೆಯ ತರುಣ ಎಂಜಿನಿಯರ್ ಮಾತ್ರ ವಿಷಯ ಬಲ್ಲವನು. ಮೊತ್ತದಲ್ಲಿ 0.010ರಷ್ಟು ರಿಯಾಯಿತಿಯನ್ನು ಮಾನಕವೇ ಕೊಟ್ಟಿದೆಯೆಂದು ವಾದಿಸಿದ. ಕೊಟ್ಟಿರುವುದು ನಿಜ. ಆದರೆ ಯಾವುದಕ್ಕೆ? ಕರಗಿದ ಉಕ್ಕನ್ನು ಎರಕ ಹೊಯ್ಯುವಾಗ ಲ್ಯಾಡಲ್‌ನಿಂದ ತೆಗೆದ ಮಾದರಿಯ ವಿಶ್ಲೇಷಣೆ ಒಂದು. ಸಿದ್ಧವಾದ ಸರಳನ್ನು ಕತ್ತರಿಸಿ ಮಾಡುವ ವಿಶ್ಲೇಷಣೆ ಇನ್ನೊಂದು. ಉಕ್ಕು ಹೆಪ್ಪುಗಟ್ಟುವಾಗ ಗಂಧಕ ರಂಜಕಗಳು ಕೊನೆಗೆ ಗಟ್ಟಿಯಾಗುವ ಭಾಗಕ್ಕೆ ಸರಿದು ಒಟ್ಟುಗೂಡುತ್ತವೆ. ಆದ್ದರಿಂದ ಸರಳಿನ ತುಂಡಿನಲ್ಲಿ ಅಂಕಿ ತುಸು ಏರಬಹುದು. ರಿಯಾಯಿತಿ ಈ ಏರಿಳಿತಕ್ಕೆ ಮಾತ್ರ. ನಮ್ಮ ಹಾಳೆಯ ನೆತ್ತಿಯಲ್ಲಿ 'ಲ್ಯಾಡಲ್ ಅನಾಲಿಸಿಸ್' ಎಂದೇ ಅಚ್ಚಾಗಿತ್ತು. ಅವನು ಹಾಳೆಯನ್ನು ತಿರುಗಿಸಿ ನೋಡಿ ಸುಮ್ಮನಾದ. ಮಿತಿಯೇ ಮೂರು ದಶಾಂಶದಲ್ಲಿರುವುದರಿಂದ 0.106ನ್ನು ಪೂರ್ಣಗೊಳಿಸಿ ಕೆಳಗಿಳಿಸುವ ದಾರಿಯೂ ಇರಲಿಲ್ಲ.

ಆ ಸಾವಿರದಲ್ಲೊಂದು ಅಂಶದಿಂದ ಸೂರು ಕುಸಿಯುತ್ತಿತ್ತೆಂದು ನಾನು ಹೇಳಲಾರೆ. ಬಹುಶಃ ಏನೂ ಆಗುತ್ತಿರಲಿಲ್ಲ. ಸಮಿತಿಯ ಕೆಲವರು ಅದನ್ನೇ ಹೇಳಿದರು. "ಮೇಷ್ಟ್ರು ಉತ್ತರಪತ್ರಿಕೆ ತಿದ್ದೋ ಹಾಗೆ ಕಬ್ಬಿಣ ತಿದ್ತಾರೆ" ಎಂಬ ನಗೆಯೂ ಕಿವಿಗೆ ಬಿತ್ತು. ಗೆರೆ ದಾಟಿದ ಸರಳಿಗೆ ಗೆರೆಯೊಳಗಿನ ಸರಳಿನ ಬೆಲೆ ತೆರುವುದು, ಅದೂ ನೆರೆಹೊರೆಯವರ ಚಂದಾ ಹಣದಲ್ಲಿ, ನನಗೆ ಸಮ್ಮತವಿರಲಿಲ್ಲ. ನಾನು ಬಿಲ್ಲಿಗೆ ಸಹಿ ಹಾಕಲಿಲ್ಲ.

ಅಂಗಡಿಯವರು ಗೊಣಗುತ್ತಲೇ ಸರಳು ಬದಲಿಸಿಕೊಟ್ಟರು. ಲಾರಿ ಬಾಡಿಗೆಯ ಜಗಳ ಬೇರೆ. ಅರ್ಧ ಅವರು, ಅರ್ಧ ಸಮಿತಿ ಎಂದು ಮುಗಿಯಿತು. ಹೊಸ ಹಾಳೆಯಲ್ಲಿ ಗಂಧಕ 0.041, ರಂಜಕ 0.047 ಇತ್ತು. ಈ ಬಾರಿ ಮೊತ್ತವನ್ನು ಆ ಎಂಜಿನಿಯರನೇ ಕೂಡಿಸಿ, ಅಂಚಿನಲ್ಲಿ ಪೆನ್ಸಿಲಿನಿಂದ 0.088 ಎಂದು ಬರೆದು ನನ್ನ ಕೈಗಿತ್ತ.