ಮಾವನ ಜೀಪಿನ ಕೆಳಗಿನ ಹೋಸು

ಹೋದ ಸಲ ಹಲಸಿನ ಹಪ್ಪಳ ಆಯ್ತು, ಈ ಸಲ ಕಳಲೆ ಬರೀತೀನಿ ಅಂದಿದ್ದೆ. ಕಳಲೆ ಇನ್ನೂ ನೀರಲ್ಲಿ ನೆನೀತಾ ಇದೆ. ಅಷ್ಟರೊಳಗೆ ನಮ್ಮ ಜೀಪಿನ ಪೈಪು ಕತ್ತರಿಸಿದ ಕತೆ ಹೇಳಿಬಿಡ್ತೀನಿ. ನಗಬೇಡಿ ಮಾರಾಯ್ತೀರಾ, ಇದೂ ಮನೆ ಕೆಲಸವೇ.

ನಮ್ಮನೆ ಜೀಪು ನಿಮಗೆಲ್ಲ ಗೊತ್ತು. ಮಾವ ತಗೊಂಡಿದ್ದು, ಎಪ್ಪತ್ತರ ದಶಕದ ಮಹೀಂದ್ರ ಸಿಜೆ-3ಬಿ, ಎತ್ತರದ ಬಾನೆಟ್ಟಿನದು. ಅಮೆರಿಕದ ವಿಲ್ಲೀಸ್‌ನವರು 1953ರಲ್ಲಿ ಈ ಮಾಡೆಲ್ ತಂದಾಗ ಹೊಸ ಪೆಟ್ರೋಲ್ ಇಂಜಿನ್ ಎತ್ತರ ಆಯ್ತು ಅಂತ ಬಾನೆಟ್ಟನ್ನೇ ಎತ್ತರಿಸಿದ್ರಂತೆ. ಅಲ್ಲಿ 1968ಕ್ಕೇ ನಿಂತ ಗಾಡಿ ಇಲ್ಲಿ ಆಮೇಲೂ ಎಷ್ಟೋ ವರ್ಷ ಬಂತು. ಮಾವ ಆಮೇಲೆ ಪೆಟ್ರೋಲ್ ಖರ್ಚು ತಡೆಯಕ್ಕಾಗದೆ ಆ ಇಂಜಿನ್ ತೆಗೆಸಿ ಪ್ಯೂಜೊ ಡೀಸೆಲ್ ಇಂಜಿನ್ ಕೂರಿಸಿದ್ರು. ನಮ್ಮ ಕಡೆ ಸುಮಾರು ಜನ ಮಾಡಿಸಿದ ಕೆಲಸವೇ. ಆದ್ರೆ ಹೊಸ ಇಂಜಿನಿನ ನೀರಿನ ಬಾಯಿ ಒಂದು ಕಡೆ, ಹಳೇ ರೇಡಿಯೇಟರಿನ ಬಾಯಿ ಇನ್ನೊಂದು ಕಡೆ. ನಡುವೆ ಎರಡು ಕಡೆ ಬಾಗಿದ ಒಂದೇ ಉದ್ದದ ರಬ್ಬರ್ ಹೋಸು. ಅದನ್ನ ಬದಲಿಸಬೇಕಾದ್ರೆ ರೇಡಿಯೇಟರೇ ಬಿಚ್ಚಬೇಕು, ಅರ್ಧ ದಿನ ಹೋಯ್ತು. ಕ್ಲಿಪ್ಪಿನ ಸ್ಕ್ರೂ ಬೇರೆ ಕೆಳಗಡೆ ಮುಖ ಮಾಡಿಕೊಂಡು ಕೂತಿರ್ತಿತ್ತು.

ಹೋದ ಮಳೆಗಾಲ ಅತ್ತೆನ ಡಾಕ್ಟ್ರಿಗೆ ತೋರಿಸಿ ಕಳಸದಿಂದ ವಾಪಸ್ ಬರ್ತಾ, ಏರಿನಲ್ಲಿ ಅದೇ ಹೋಸು ಸೀಳಿತು. ಬಾನೆಟ್ ಸಂದಿಯಿಂದ ಹೊಗೆಯೋ ಹೊಗೆ. ಇವ್ರು ಮುಚ್ಚಳಕ್ಕೆ ಕೈ ಹಾಕಕ್ಕೆ ಹೋದ್ರು, ನಾನು ಕೂಗಿಬಿಟ್ಟೆ. ಅದು ಕುಕ್ಕರ್ ಇದ್ದ ಹಾಗೆ. ನಮ್ಮ ಎತ್ತರಕ್ಕೆ ಬರೀ ನೀರು ಸುಮಾರು 97 ಡಿಗ್ರಿಗೇ ಕುದೀತದೆ, ರೇಡಿಯೇಟರ್ ಮುಚ್ಚಳದ ಸ್ಪ್ರಿಂಗು ಒತ್ತಡ ಹಿಡಿದು ಕುದಿ ತಡೀತದೆ. ಬಿಸಿ ಇದ್ದಾಗ ತೆಗೆದ್ರೆ ಮುಖಕ್ಕೇ ಹಾರ್ತದೆ. ಕುಕ್ಕರಿನ ವೆಯ್ಟ್ ಯಾರಾದ್ರೂ ಆಗ ಎತ್ತುತ್ತೀರಾ?

ಎರಡು ಗಂಟೆ ಮಳೆಯಲ್ಲಿ ಕೂತಿದ್ವಿ. ಅತ್ತೆ ಶಾಲು ಹೊದ್ದು ನಡುಗ್ತಾ ಇದ್ರು, ಮಾತಾಡಲಿಲ್ಲ. ಇವ್ರಿಗೆ ಭುಜದ ಆಪರೇಶನ್ ಆದಮೇಲೆ ಜೀಪಿನಡಿ ಮಲಗಿ ಕೈ ಎತ್ತಕ್ಕಾಗಲ್ಲ. ಮಗ ಫೋನಿನಲ್ಲಿ, "ಅಮ್ಮ, ಅದನ್ನ ಮಾರಿ ಸಣ್ಣ ಕಾರು ತಗೊಳ್ಳಿ" ಅಂದ. ಕಾರು ನಮ್ಮ ತೋಟದ ಮಣ್ಣುರಸ್ತೆ ಜೂನ್ ತಿಂಗಳಲ್ಲಿ ಹತ್ತಬೇಕಲ್ಲ? ಜೀಪು ಹೋದ್ರೆ ನಾವೂ ಪೇಟೆಗೆ ಹೋಗಿ ಕೂರಬೇಕು. ಅವನು ಹೇಳದೆ ಬಿಟ್ಟಿದ್ದೂ ಅದೇ ಮಾತು.

ಮೂಡಿಗೆರೆಯ ಒಬ್ಬ ಮೆಕ್ಯಾನಿಕ್ ಹುಡುಗ, ಹೋಸನ್ನ ಮೂರು ತುಂಡು ಮಾಡಿ, ನಡುವೆ ಬಾಗಿದ ಸ್ಟೀಲ್ ಪೈಪು, ಎರಡೂ ತುದಿಗೆ ಗಿಡ್ಡ ನೇರ ಹೋಸು ಹಾಕೋಣ ಅಂದ. ಇವ್ರು ಒಪ್ಪಲಿಲ್ಲ. "ಅಪ್ಪ ಹಾಕ್ಸಿದ್ದು ಹಾಗೇ ಇರ್ಲಿ ಕಣೇ." "ನಿಮ್ಮಪ್ಪ ಇಂಜಿನ್ನೇ ಕಿತ್ತು ಎಸೆದ್ರಲ್ಲ ಮಾರಾಯ್ರೆ, ಪೈಪಿಗೆ ಎಂತ ಮಡಿ?" ಅಂದೆ. ಅತ್ತೆ ಒಳಗಿಂದ ನಕ್ಕಿದ್ದು ಕೇಳಿಸ್ತು. ಅಲ್ಲಿಗೆ ಮುಗೀತು.

ಪೂರಾ ಸ್ಟೀಲೇ ಹಾಕಬಾರದಾ ಅಂತ ನಾನೂ ಕೇಳಿದೆ. ಆಗಲ್ಲ. ಇಂಜಿನ್ ರಬ್ಬರ್ ಮೇಲೆ ಕೂತು ಅಲ್ಲಾಡ್ತಾ ಇರ್ತದೆ, ರೇಡಿಯೇಟರ್ ಚಾಸಿಗೆ ಬಿಗಿದಿರ್ತದೆ. ಬಿಗಿ ಪೈಪಾದ್ರೆ ಬೆಸುಗೆಯೇ ಬಿಟ್ಟುಹೋಗ್ತದೆ. ಹಾಗಂತ ಮೆತ್ತನೆ ಹೋಸೂ ಬೇಡ. ಕೆಳಗಿನ ಪೈಪಿನಿಂದ ಪಂಪು ನೀರು ಎಳ್ಕೊಳ್ತದೆ, ಸ್ಟ್ರಾ ಜೋರಾಗಿ ಎಳೆದಾಗ ಆಗೋ ಹಾಗೆ ಚಪ್ಪಟೆ ಆಗ್ತದೆ. ಸ್ಟೀಲ್ ಪೈಪಿನ ಎರಡೂ ತುದಿಗೆ ಸಣ್ಣ ಉಬ್ಬು ಅಂಚು ಎಬ್ಬಿಸಬೇಕು, ಇಲ್ದಿದ್ರೆ ಒತ್ತಡಕ್ಕೆ ಹೋಸು ಜಾರ್ತದೆ. ಆ ಹುಡುಗ ಮೊದಲ ಸಲ ಅಂಚು ಬಿಟ್ಟಿದ್ದ, ವಾಪಸ್ ಕಳಿಸಿದ್ವಿ.

ಕೂರಿಸಿದ್ದು ನಾನೇ. ನನ್ನ ಕೈ ಸಣ್ಣ, ಆ ಸಂದಿಗೆ ಹೋಗ್ತದೆ. ಮೊದಲು ಗಿಡ್ಡ ಹೋಸನ್ನ ಪೂರಾ ಸ್ಟೀಲ್ ಪೈಪಿನ ಮೇಲಕ್ಕೆ ಸರಿಸಿಕೊಳ್ಳೋದು, ಪೈಪನ್ನ ಜಾಗದಲ್ಲಿ ಹಿಡಿಯೋದು, ಆಮೇಲೆ ಹೋಸನ್ನ ಈಚೆಗೆ ಜಾರಿಸಿ ಬಾಯಿಗೆ ತೊಡಿಸೋದು. ಇವ್ರು ಕೊಬ್ಬರಿ ಎಣ್ಣೆ ತಂದ್ರು, ಬೇಡ ಅಂದೆ. ಎಣ್ಣೆಗೆ ರಬ್ಬರ್ ಕೆಡ್ತದೆ. ಸೋಪಿನ ನೀರು ಸಾಕು, ಬಳೆಗಾರ್ತಿ ಬಳೆ ಏರಿಸಿದ ಹಾಗೆ. ನಾಲ್ಕು ಕ್ಲಿಪ್ಪಿನ ಸ್ಕ್ರೂನೂ ಮೇಲ್ಮುಖ ಮಾಡಿ ಬಿಗಿದೆ. ಮುಕ್ಕಾಲು ಗಂಟೆ. ರೇಡಿಯೇಟರ್ ಮುಟ್ಟಲಿಲ್ಲ.

ಎರಡು ಕಡೆ ಇದ್ದ ಕ್ಲಿಪ್ಪು ನಾಲ್ಕಾಯ್ತು, ಸೋರೋ ಜಾಗವೂ ಹೆಚ್ಚಾಯ್ತು, ಅದು ನಿಜ. ಅದಕ್ಕೇ ಬೆಳಿಗ್ಗೆ ಹಾಲು ಕರೆದು ಬರ್ತಾ ಜೀಪಿನಡಿ ಒಂದ್ಸಲ ಬಗ್ಗಿ ನೋಡ್ತೀನಿ.

ಮೊನ್ನೆ ಹೊರನಾಡಿಗೆ ಹೋಗಿ ಬಂದ್ವಿ. ಏರಿನಲ್ಲಿ ಇವ್ರ ಕಣ್ಣೆಲ್ಲ ಮುಳ್ಳಿನ ಮೇಲೇ. ಮುಂದೆ ಕೂತಿದ್ದ ಅತ್ತೆ, "ರಸ್ತೆ ನೋಡೋ, ನೀರು ನೋಡಕ್ಕೆ ಅವ್ಳಿದ್ದಾಳೆ" ಅಂದ್ರು. ನನ್ನ ಕಾಲ ಬುಡದಲ್ಲಿ ಹಳೇ ಬೋರ್ನ್‌ವಿಟಾ ಡಬ್ಬಿ ಇತ್ತು, ಅದರೊಳಗೆ ಎರಡು ಗಿಡ್ಡ ಹೋಸು, ಕ್ಲಿಪ್ಪು, ಸ್ಕ್ರೂಡ್ರೈವರು, ಒಂದು ತುಂಡು ಸೋಪು.