ಮಾಯಕ್ಕೆ ಸಂದವರ ನಾಡಿನಲ್ಲಿ

ಮನುಷ್ಯನು ಸತ್ತ ಮೇಲೆ ಏನಾಗುತ್ತಾನೆಂಬ ಪ್ರಶ್ನೆ ನಚಿಕೇತನ ಕಾಲದ್ದು. ಅದಕ್ಕೆ ಉತ್ತರ ಕಂಡುಕೊಳ್ಳಲು ಪಶ್ಚಿಮದವರು ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ಹೊಸ ಹಾದಿಯನ್ನು ಹಿಡಿದರು. 1848ರಲ್ಲಿ ಅಮೆರಿಕದ ಹೈಡ್ಸ್‌ವಿಲ್ ಎಂಬ ಹಳ್ಳಿಯಲ್ಲಿ ಫಾಕ್ಸ್ ಮನೆತನದ ಹುಡುಗಿಯರು, ಗೋಡೆಯಿಂದ ಕೇಳಿಬರುವ ಟಕಟಕ ಸದ್ದಿನ ಮೂಲಕ ಪ್ರೇತವೊಂದು ತಮ್ಮೊಡನೆ ಮಾತನಾಡುತ್ತಿದೆಯೆಂದು ಸಾರಿದರು. ಆ ಬಳಿಕ ಕತ್ತಲೆಯ ಕೋಣೆ, ದುಂಡು ಮೇಜು, ಅದರ ಸುತ್ತ ಕೈಗೆ ಕೈ ಸೇರಿಸಿ ಕುಳಿತ ಸಭ್ಯ ಗೃಹಸ್ಥರು, ಹೀಗೆ ಪ್ರೇತಸಂಭಾಷಣೆಯೇ ಒಂದು ಚಳವಳಿಯಾಗಿ ಹಬ್ಬಿತು. ನಲವತ್ತು ವರ್ಷಗಳ ಮೇಲೆ, 1888ರಲ್ಲಿ, ಆ ಸೋದರಿಯರಲ್ಲಿ ಒಬ್ಬಳು ಆ ಸದ್ದು ಹೊರಟುದು ತನ್ನ ಕಾಲ್ಬೆರಳ ಗಂಟಿನಿಂದ ಎಂಬುದನ್ನು ತುಂಬಿದ ಸಭೆಯಲ್ಲಿ ತೋರಿಸಿಕೊಟ್ಟಳು. ಆದರೂ ಚಳವಳಿ ನಿಲ್ಲಲಿಲ್ಲ. ಅಗಲಿದವರ ದನಿಯನ್ನು ಇನ್ನೊಮ್ಮೆ ಕೇಳಬೇಕೆಂಬ ಹಂಬಲ ಅಷ್ಟು ಸುಲಭವಾಗಿ ಅಡಗುವಂಥದಲ್ಲ.

ನಮ್ಮ ಕರಾವಳಿಯಲ್ಲಿ ಸತ್ತವರು ಕತ್ತಲೆಯ ಕೋಣೆಗೆ ಬರುವುದಿಲ್ಲ. ದೀವಟಿಗೆಯ ಬೆಳಕಿನಲ್ಲಿ, ಊರಿಗೆ ಊರೇ ನೆರೆದ ಅಂಗಳಕ್ಕೆ ಬರುತ್ತಾರೆ. ಬಂದು ಲೆಕ್ಕ ಕೇಳುತ್ತಾರೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಈ ನಾಲ್ಕು ಊರುಗಳನ್ನು ಒಂದು ದಿನದಲ್ಲಿ ಸುತ್ತಿ ಬರಬಹುದು. ಮರಣಾನಂತರದ ಬದುಕಿನ ಬಗ್ಗೆ, ಪ್ರಾಣಿಗಳ ಬಗ್ಗೆ, ಕನಸಿನ ಬಗ್ಗೆ ಇಷ್ಟು ಭಿನ್ನವಾದ ವಿಚಾರಗಳು ಇಷ್ಟು ಹತ್ತಿರ ಹತ್ತಿರ ನೆಲೆಸಿರುವ ಎಡೆ ಅಪರೂಪ.

ಬೃಂದಾವನವಿಲ್ಲದ ಆಚಾರ್ಯರು

ಉಡುಪಿಗೆ ಹೋದ ಯಾತ್ರಿಕರು ಕನಕನ ಕಿಂಡಿಯಲ್ಲಿ ಕೃಷ್ಣನನ್ನು ಕಂಡು, ಭೋಜನಶಾಲೆಯಲ್ಲಿ ಉಂಡು, ರಥಬೀದಿಯಲ್ಲಿ ಒಂದು ಸುತ್ತು ಬಂದು ಹಿಂದಿರುಗುವುದು ವಾಡಿಕೆ. ಅದೇ ಬೀದಿಯ ಅನಂತೇಶ್ವರ ದೇವಾಲಯದೊಳಗೆ ತುಸು ಹೊತ್ತು ನಿಲ್ಲುವವರು ಕಡಿಮೆ. ಶ್ರೀಮಧ್ವಾಚಾರ್ಯರು ಐತರೇಯೋಪನಿಷತ್ತಿನ ಭಾಷ್ಯವನ್ನು ಪಾಠ ಹೇಳುತ್ತಿದ್ದಾಗ ಹೂಮಳೆ ಸುರಿದು, ಆ ಹೂರಾಶಿಯ ನಡುವಿನಿಂದ ಅವರು ಅದೃಶ್ಯರಾದುದು ಇಲ್ಲಿಯೇ ಎಂಬುದು ಸಂಪ್ರದಾಯದ ನಂಬಿಕೆ. ಮಾಘ ಶುದ್ಧ ನವಮಿಯಂದು ಆಚರಿಸುವ ಮಧ್ವನವಮಿ ಅದರ ನೆನಪು. ಅವರ ಪರಂಪರೆಯ ಯತಿಗಳಿಗೆಲ್ಲ ಬೃಂದಾವನಗಳುಂಟು, ಆಚಾರ್ಯರಿಗಿಲ್ಲ. ಅವರು ಬದರಿಗೆ ತೆರಳಿದರೆಂದೂ, ಕಾಣದ ರೂಪದಲ್ಲಿ ಇಲ್ಲಿಯೂ ಸನ್ನಿಹಿತರೆಂದೂ ಭಕ್ತರು ಹೇಳುತ್ತಾರೆ.

ಕನಸಿನ ವಿಷಯದಲ್ಲಿ ಆಚಾರ್ಯರ ನಿಲುವು ಇಂದಿನ ಓದುಗನನ್ನೂ ಬೆರಗುಗೊಳಿಸುವಂಥದು. ಕನಸೆಲ್ಲ ಸುಳ್ಳೆಂದು ತಳ್ಳಿಹಾಕುವುದು ನಮ್ಮ ರೂಢಿ. ಮಧ್ವಮತದಲ್ಲಿ ಕನಸು ಸತ್ಯ. ಜೀವನ ಮನಸ್ಸಿನಲ್ಲಿ ಉಳಿದ ಸಂಸ್ಕಾರಗಳನ್ನೇ ಸಾಮಗ್ರಿಯಾಗಿ ಮಾಡಿಕೊಂಡು ಭಗವಂತನು ಕನಸಿನ ವಸ್ತುಗಳನ್ನು ಸೃಷ್ಟಿಸುತ್ತಾನೆ. ಅವನ್ನು ಎಚ್ಚರದ ಲೋಕದ ವಸ್ತುಗಳೆಂದು ತಿಳಿಯುವುದಷ್ಟೇ ಭ್ರಾಂತಿ. ಕನಸಿನಲ್ಲಿ ತೀರಿಹೋದ ತಾಯಿಯನ್ನು ಕಂಡು ಎದ್ದವನಿಗೆ ಈ ಮಾತಿನಲ್ಲಿ ಎಂಥ ಸಮಾಧಾನವಿದೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಾಣಿಗಳೂ ಈ ಪರಂಪರೆಯಿಂದ ದೂರವಿಲ್ಲ. ಉಡುಪಿಯ ಆಗ್ನೇಯಕ್ಕೆ ಹತ್ತು ಹನ್ನೆರಡು ಕಿಲೋಮೀಟರು ದೂರದ ಪಾಜಕ ಆಚಾರ್ಯರ ಜನ್ಮಸ್ಥಳ. ಮಗುವಾಗಿದ್ದಾಗ ಮನೆಯ ಎತ್ತಿನ ಬಾಲ ಹಿಡಿದು ಹಗಲೆಲ್ಲ ಕಾಡು ಸುತ್ತಿ ಸಂಜೆಗೆ ಮರಳಿದ ಕಥೆಯನ್ನು ಅಲ್ಲಿ ಇಂದಿಗೂ ಹೇಳುತ್ತಾರೆ. ಯಜ್ಞದಲ್ಲಿ ಜೀವಂತ ಪಶುವಿನ ಬದಲು ಹಿಟ್ಟಿನ ಪಶುವನ್ನು ಬಳಸುವ ಪದ್ಧತಿಯನ್ನು ನೆಲೆಗೊಳಿಸಿದವರು ಅವರೆಂದು ಸಂಪ್ರದಾಯ ನೆನೆಯುತ್ತದೆ. ಹದಿನಾರನೆಯ ಶತಮಾನದ ವಾದಿರಾಜರ ಕಥೆಯಲ್ಲಿಯಂತೂ ಕನಸು, ಪ್ರಾಣಿ, ಪ್ರೇತ ಮೂರೂ ಸೇರಿಕೊಂಡಿವೆ. ಅಕ್ಕಸಾಲಿಗನೊಬ್ಬನು ಗಣಪತಿಯ ವಿಗ್ರಹವನ್ನು ಎರಕ ಹೊಯ್ದರೆ ಅದು ಕುದುರೆಮೊಗವನ್ನೇ ತಾಳಿತಂತೆ. ವಾದಿರಾಜರಿಗೆ ಒಪ್ಪಿಸೆಂದು ಕನಸಿನಲ್ಲಿ ಅಪ್ಪಣೆಯಾಯಿತಂತೆ. ಒಗಟು ಕೇಳಿ ದಾರಿಹೋಕರನ್ನು ಕಾಡುತ್ತಿದ್ದ ಬ್ರಹ್ಮರಾಕ್ಷಸನೊಬ್ಬನು ಅವರ ಉತ್ತರಕ್ಕೆ ಸೋತು ಭೂತರಾಜನೆಂಬ ಸೇವಕನಾದನೆಂದೂ ಐತಿಹ್ಯವಿದೆ. ಸೋದೆಯಲ್ಲಿ ಆತನಿಗೆ ಇಂದಿಗೂ ಪೂಜೆ ಸಲ್ಲುತ್ತದೆ.

ಗುಡ್ಡದ ಮೇಲಿನ ಪರೀಕ್ಷಕರು

ಉಡುಪಿಯಿಂದ ಪೂರ್ವಕ್ಕೆ ಐದು ಕಿಲೋಮೀಟರು ಏರಿದರೆ ಮಣಿಪಾಲ. ಡಾಕ್ಟರ್ ಟಿ. ಎಂ. ಎ. ಪೈಯವರು ಈ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದುದು 1953ರಲ್ಲಿ. ಅದೇ ವರ್ಷ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೀಟ್‌ಮನ್ ಎಂಬ ವಿಜ್ಞಾನಿಗಳು, ನಿದ್ರಿಸುವವನ ಕಣ್ಣುಗುಡ್ಡೆಗಳು ಕೆಲವು ವೇಳೆ ರೆಪ್ಪೆಯ ಮರೆಯಲ್ಲಿ ಸರಸರನೆ ಚಲಿಸುವುದನ್ನೂ, ಆಗ ಎಬ್ಬಿಸಿದರೆ ಆತ ಕನಸನ್ನು ವಿವರಿಸಬಲ್ಲನೆಂಬುದನ್ನೂ ಪ್ರಕಟಿಸಿದರು. ಕನಸು ಅಂದಿನಿಂದ ಪ್ರಯೋಗಶಾಲೆಯ ವಸ್ತುವಾಯಿತು. ಮುಂದೆ ಫ್ರಾನ್ಸಿನ ಮಿಶೆಲ್ ಜುವೆ, ನಿದ್ರೆಯಲ್ಲಿ ಮೈಯನ್ನು ಹಿಡಿದಿಡುವ ಮಿದುಳಿನ ಭಾಗವನ್ನು ಬೆಕ್ಕುಗಳಲ್ಲಿ ಕೆಡಿಸಿ ನೋಡಿದಾಗ ಅವು ನಿದ್ರಿಸುತ್ತಲೇ ಎದ್ದು, ಇಲ್ಲದ ಬೇಟೆಯ ಮೇಲೆ ಎರಗಿದವು. 2001ರಲ್ಲಿ ಅಮೆರಿಕದ ಇನ್ನೊಂದು ಪ್ರಯೋಗಶಾಲೆಯಲ್ಲಿ, ಹಗಲು ಇಲಿಗಳು ಓಡಿದ ದಾರಿಯನ್ನು ಅವುಗಳ ಮಿದುಳು ನಿದ್ರೆಯಲ್ಲಿ ಮತ್ತೆ ಓಡುತ್ತಿದ್ದುದು ಕಂಡುಬಂದಿತು. ಹಗಲಿನ ಅನುಭವವೇ ಇರುಳಿನ ಸಾಮಗ್ರಿಯೆಂಬ ಮಟ್ಟಿಗೆ ಮಧ್ವರ ಮಾತಿಗೂ ಈ ಪರೀಕ್ಷೆಗೂ ಜಗಳವಿಲ್ಲ. ಅದನ್ನು ಕಟ್ಟುವ ಕೈ ಯಾರದೆಂಬಲ್ಲಿ ದಾರಿಗಳು ಕವಲೊಡೆಯುತ್ತವೆ.

ಮಣಿಪಾಲದ ಅಂಗರಚನಾ ಸಂಗ್ರಹಾಲಯವನ್ನು ಮಕ್ಕಳೊಡನೆ ನೋಡಲು ಬರುವ ಕುಟುಂಬಗಳು ಹಲವು. ಗಾಜಿನ ಪಾತ್ರೆಗಳಲ್ಲಿ ಮನುಷ್ಯದೇಹದ ಒಂದೊಂದು ಅಂಗವೂ ಇದೆ; ಬದಿಯಲ್ಲಿ ಆನೆಯ ಅಸ್ಥಿಪಂಜರವೂ ನಿಂತಿದೆ. ಎಲುಬಿನ ಲೆಕ್ಕದಲ್ಲಿ ನಾವೂ ಅದೂ ಎಷ್ಟು ಹತ್ತಿರದ ನೆಂಟರೆಂಬುದನ್ನು ಅಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಎಷ್ಟು ಪಾತ್ರೆಗಳನ್ನು ನೋಡಿದರೂ ಜೀವವೆಂಬುದು ಯಾವುದರಲ್ಲಿಯೂ ಸಿಕ್ಕುವುದಿಲ್ಲ. ವಿಜ್ಞಾನವು ಆ ಹೊಸ್ತಿಲನ್ನು ಅಳೆಯಲು ಯತ್ನಿಸದೆ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾಕ್ಟರ್ ಸತ್ವಂತ್ ಪಸ್ರೀಚಾ ಅವರು, ಪೂರ್ವಜನ್ಮವನ್ನು ನೆನೆಯುವ ಮಕ್ಕಳ ಹೇಳಿಕೆಗಳನ್ನೂ ಸಾವಿನ ಬಾಗಿಲಿಗೆ ಹೋಗಿ ಮರಳಿದವರ ಹೇಳಿಕೆಗಳನ್ನೂ ವರ್ಷಗಟ್ಟಲೆ ಸಂಗ್ರಹಿಸಿದರು. ಅಮೆರಿಕದ ಇಯಾನ್ ಸ್ಟೀವನ್‌ಸನ್ ಅವರೊಡನೆ 1986ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಸ್ವಾರಸ್ಯವಿದೆ. ನಮ್ಮವರನ್ನು ದೂತರು ಒಯ್ದು, ಪುಸ್ತಕ ನೋಡಿ, ಆಳು ತಪ್ಪಿತೆಂದು ಹಿಂದಕ್ಕೆ ಕಳುಹಿಸಿದರಂತೆ. ಅಮೆರಿಕದವರ ಹೇಳಿಕೆಗಳಲ್ಲಿ ಈ ಕಚೇರಿಯ ಕಡತವೇ ಇಲ್ಲ. 2013ರಲ್ಲಿ ಮಿಶಿಗನ್ನಿನ ಸಂಶೋಧಕರು, ಹೃದಯ ನಿಂತ ಮೇಲೆ ಅರ್ಧ ನಿಮಿಷದಷ್ಟು ಕಾಲ ಇಲಿಗಳ ಮಿದುಳು ವ್ಯವಸ್ಥಿತವಾಗಿ ಪ್ರಜ್ವಲಿಸುವುದನ್ನು ದಾಖಲಿಸಿದರು. ದೀಪ ಆರುವ ಮುನ್ನಿನ ಬೆಳಗೋ, ಬೇರೊಂದು ಕೋಣೆಯ ಬಾಗಿಲೋ ಎಂಬ ವಾದ ಇನ್ನೂ ತೀರಿಲ್ಲ.

ಈ ವಾದದ ಎರಡು ಪಕ್ಷಗಳನ್ನೂ ಒಂದೇ ಎದೆಯಲ್ಲಿಟ್ಟುಕೊಂಡಿದ್ದವರು ಉಡುಪಿಯ ಉತ್ತರಕ್ಕಿರುವ ಕೋಟದಲ್ಲಿ ಹುಟ್ಟಿ, 1997ರಲ್ಲಿ ಮಣಿಪಾಲದಲ್ಲಿ ನಿಧನರಾದ ಶಿವರಾಮ ಕಾರಂತರು. ಕನ್ನಡ ಮಕ್ಕಳಿಗೂ ದೊಡ್ಡವರಿಗೂ ವಿಜ್ಞಾನದ ಸಂಪುಟಗಳನ್ನು ಬರೆದುಕೊಟ್ಟವರು ಅವರೇ. ವಸ್ತುವೊಂದನ್ನು ಮುಟ್ಟಿದೊಡನೆ ಅದರ ಹಿಂದಿನ ಕಾಲವನ್ನೆಲ್ಲ ಕಾಣುವ ಅಜ್ಜಿಯನ್ನು 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ಸೃಷ್ಟಿಸಿದವರೂ ಅವರೇ.

ಕಾಪುವಿನ ಹುಲಿ

ಮತ್ತೆ ಉಡುಪಿಗಿಳಿದು ದಕ್ಷಿಣದ ಹೆದ್ದಾರಿಯನ್ನು ಹಿಡಿದರೆ ಹದಿಮೂರು ಕಿಲೋಮೀಟರಿನಷ್ಟು ದೂರದಲ್ಲಿ ಕಾಪು. ಕಡಲತಡಿಯ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ಏರಿದವರಿಗೆ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ತೆಂಗಿನ ತೋಟಗಳ ಹಸುರು. ಆ ಹಸುರಿನೊಳಗೆ ಊರಿನ ಮಾರಿಗುಡಿಗಳೂ ದೈವಸ್ಥಾನಗಳೂ ನಾಗಬನಗಳೂ ಅಡಗಿವೆ.

ತುಳುನಾಡಿನ ದೈವಗಳಲ್ಲಿ ಪ್ರಾಣಿಗಳಿಗೆ ದೊಡ್ಡ ಪಾಲಿದೆ. ಪಂಜುರ್ಲಿ ಹಂದಿ, ಪಿಲಿಚಾಮುಂಡಿ ಹುಲಿ, ಮೈಸಂದಾಯ ಕೋಣ, ನಂದಿಗೋಣ ಎತ್ತು. ಬೆಳೆಯನ್ನು ತಿಂದು ಹಾಳುಮಾಡುವ ಹಂದಿಯೇ ದೈವವಾಗಿ ಬೆಳೆಯನ್ನು ಕಾಯುತ್ತದೆ. ನಾಗರಹಾವು ಸತ್ತು ಬಿದ್ದಿರುವುದನ್ನು ಕಂಡರೆ ಹಾಗೆಯೇ ಬಿಟ್ಟುಹೋಗುವಂತಿಲ್ಲ. ಮನುಷ್ಯನಿಗೆ ಮಾಡುವಂತೆಯೇ ಅದಕ್ಕೂ ಸಂಸ್ಕಾರ ನಡೆಯಬೇಕು. ಕಾಪುವಿನಲ್ಲಿ ಎರಡು ವರ್ಷಕ್ಕೊಮ್ಮೆ ಪಿಲಿಕೋಲ ನಡೆಯುತ್ತದೆ. ಮೈಗೆಲ್ಲ ಹುಲಿಬಣ್ಣ ಬಳಿದುಕೊಂಡ ಪಾತ್ರಧಾರಿ ಮರೆಯಿಂದ ಹೊರಚಿಮ್ಮಿದನೆಂದರೆ ಸಾವಿರಾರು ಮಂದಿ ದಿಕ್ಕೆಟ್ಟು ಓಡುತ್ತಾರೆ. ಹುಲಿ ಯಾರನ್ನು ಮುಟ್ಟಿತೋ ಅವರಿಗೆ ಸಾವು ಹತ್ತಿರವೆಂಬುದು ನಂಬಿಕೆ. ಓಡುವವರಲ್ಲಿ ಪದವೀಧರರೂ ಇರುತ್ತಾರೆ. ಆ ಗಳಿಗೆಯಲ್ಲಿ ಯಾರ ಕಾಲೂ ವಿದ್ಯೆಯ ಮಾತನ್ನು ಕೇಳುವುದಿಲ್ಲ.

ಸತ್ತವರಿಗೆ ತುಳುವಿನಲ್ಲಿ ‘ಕುಲೆ’ಗಳೆಂದು ಹೆಸರು. ಆಟಿ ತಿಂಗಳ ಮಳೆಯಲ್ಲಿ ಅವರಿಗಾಗಿ ಎಲೆ ಹಾಕಿ, ಬದುಕಿದ್ದಾಗ ಅವರು ಮೆಚ್ಚಿ ಉಣ್ಣುತ್ತಿದ್ದುದನ್ನೇ ಬಡಿಸುತ್ತಾರೆ. ಎಳವೆಯಲ್ಲಿ ತೀರಿಕೊಂಡ ಮಕ್ಕಳು ಆ ಲೋಕದಲ್ಲಿಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ. ಮನೆಯಲ್ಲಿ ಮೇಲಿಂದ ಮೇಲೆ ವಿಘ್ನಗಳು ಬಂದು, ಪ್ರಶ್ನೆ ಕೇಳಿದಾಗ ಆ ಮಗುವಿಗೆ ಮದುವೆಯಾಗಬೇಕೆಂದು ತಿಳಿದುಬಂದರೆ, ಅಂಥದೇ ವಯಸ್ಸಿನಲ್ಲಿ ಗತಿಸಿದ ವರನನ್ನೋ ವಧುವನ್ನೋ ಹುಡುಕುತ್ತಾರೆ. 2024ರಲ್ಲಿ ಪುತ್ತೂರಿನ ಕಡೆಯ ಕುಟುಂಬವೊಂದು, ಮೂವತ್ತು ವರ್ಷಗಳ ಹಿಂದೆ ತೀರಿಕೊಂಡ ಮಗಳಿಗೆ ತಕ್ಕ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ಗೋತ್ರ ನೋಡುತ್ತಾರೆ, ಬೀಗರ ಮಾತುಕತೆಯಾಗುತ್ತದೆ, ಸೀರೆ ಪಂಚೆಗಳನ್ನು ಮಣೆಯ ಮೇಲಿಟ್ಟು ಶಾಸ್ತ್ರ ನಡೆಸುತ್ತಾರೆ, ಬಂದವರಿಗೆ ಊಟ ಬಡಿಸುತ್ತಾರೆ. ದೂರದವರು ಇದನ್ನು ಕೇಳಿ ನಗಬಹುದು. ಮೂವತ್ತು ವರ್ಷ ಮಗಳ ವಯಸ್ಸನ್ನು ಎಣಿಸುತ್ತಲೇ ಬಂದ ತಾಯಿಯ ಮುಂದೆ ನಗುವುದು ಕಷ್ಟ.

ಕಲ್ಲಿನ ಮಹಾಮೌನ, ಕಲ್ಕುಡನ ಕೂಗು

ಕಾಪುವಿನಿಂದ ಒಳನಾಡಿಗೆ ತಿರುಗಿ ಶಿರ್ವ, ಬೆಳ್ಮಣ್ಣುಗಳ ಮೇಲೆ ಹೋದರೆ ಕಾರ್ಕಳ. ಬಂಡೆಗುಡ್ಡದ ನೆತ್ತಿಯಲ್ಲಿ ಸುಮಾರು 42 ಅಡಿ ಎತ್ತರದ ಗೊಮ್ಮಟನನ್ನು ವೀರಪಾಂಡ್ಯ ಭೈರರಸನು 1432ರಲ್ಲಿ ನಿಲ್ಲಿಸಿದನು. ಎದುರಿನ ದಿಣ್ಣೆಯ ಮೇಲಿನ ಚತುರ್ಮುಖ ಬಸದಿ 1586ರದು. ಜೈನರ ಲೆಕ್ಕದಲ್ಲಿ ದೇಹ ಬಿಟ್ಟ ಜೀವ ಕ್ಷಣಮಾತ್ರದಲ್ಲಿ ಮುಂದಿನ ಗತಿಗೆ ಸಲ್ಲುತ್ತದೆ. ಪಿಂಡಕ್ಕಾಗಿ ಕಾಯುವ ಪ್ರೇತಕ್ಕೆ ಅಲ್ಲಿ ಎಡೆಯಿಲ್ಲ. ಪ್ರಾಣಿಗೂ ಜೀವವಿದೆ, ಏರುವ ದಾರಿಯೂ ಇದೆ. ಮಹಾವೀರನು ಹಿಂದಿನ ಭವವೊಂದರಲ್ಲಿ ಸಿಂಹವಾಗಿದ್ದು ಹಿಂಸೆಯನ್ನು ತೊರೆದನೆಂದು ಪುರಾಣಗಳು ಹೇಳುತ್ತವೆ. ಮೈಗೆ ಬಳ್ಳಿ ಹಬ್ಬಿದರೂ ಅಲುಗದ ಗೊಮ್ಮಟನ ಮೊಗದಲ್ಲಿ ಯಾವ ಬಾಕಿಯ ನೆನಪೂ ಇಲ್ಲ.

ಆದರೆ ಆ ಮೂರ್ತಿಯನ್ನು ಕಡೆದವನಿಗೆ ಬಾಕಿಯಿತ್ತು. ಪಾಡ್ದನಗಳ ಪ್ರಕಾರ ಅದರ ಶಿಲ್ಪಿ ಕಲ್ಕುಡ. ಇಂಥ ಕೆಲಸವನ್ನು ಇನ್ನೆಲ್ಲಿಯೂ ಮಾಡಬಾರದೆಂದು ಅರಸನು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನು. ಉಳಿದೊಂದು ಕೈಯಿಂದಲೇ ಆತ ವೇಣೂರಿನ ಗೊಮ್ಮಟನನ್ನು ಕಡೆದನಂತೆ. ವೇಣೂರಿನ ಮೂರ್ತಿ 1604ರದು, ಇವೆರಡರ ನಡುವೆ 172 ವರ್ಷಗಳ ಅಂತರವಿದೆಯೆಂದು ಇತಿಹಾಸಕಾರರು ಹೇಳುವರು. ಪಾಡ್ದನಕ್ಕೆ ಆ ಲೆಕ್ಕ ಮುಖ್ಯವಲ್ಲ. ಅದರ ಲೆಕ್ಕ ಬೇರೆ. ಅಣ್ಣನ ಗತಿಯನ್ನು ಕಂಡ ತಂಗಿ ಕಲ್ಲುರ್ಟಿ ಕೆರಳಿದಳು. ಇಬ್ಬರೂ ಮಾಯಕ್ಕೆ ಸಂದು, ದೈವಗಳಾಗಿ ಅರಸನನ್ನು ಕಾಡಿದರು. ತುಳುವರು ಇಂಥವರನ್ನು ಸತ್ತರೆನ್ನುವುದಿಲ್ಲ. ಕಣ್ಣಿಗೆ ಕಾಣುವ ‘ಜೋಗ’ವನ್ನು ಬಿಟ್ಟು ಕಾಣದ ‘ಮಾಯ’ಕ್ಕೆ ಸೇರಿದರೆನ್ನುತ್ತಾರೆ. ಅನಂತೇಶ್ವರದಲ್ಲಿ ಪಂಡಿತರು ಹೇಳುವ ‘ಅದೃಶ್ಯರಾದರು’ ಎಂಬ ಮಾತಿಗೂ ಇದಕ್ಕೂ ಇರುವ ಹೋಲಿಕೆ ಯಾರಿಗೂ ಹೊಳೆಯುವಂಥದು.

ಗೊಮ್ಮಟನಿಗೆ ಕೈಮುಗಿಯುವ ಜೈನ ಮನೆತನಗಳೇ ದೈವಗಳಿಗೆ ನೇಮವನ್ನೂ ನಡೆಸಿಕೊಂಡು ಬಂದಿರುವುದುಂಟು. ನೇಮದ ಇರುಳು ಅಣಿ ಕಟ್ಟಿ, ಗಗ್ಗರ ತೊಟ್ಟು ದೈವವಾಗಿ ನಿಲ್ಲುವವರು ನಲಿಕೆ, ಪರವ, ಪಂಬದ ಸಮುದಾಯಗಳವರು. ಆ ಹೊತ್ತಿನಲ್ಲಿ ಗುತ್ತಿನ ಯಜಮಾನನನ್ನು ಹೆಸರು ಹಿಡಿದು ಕರೆದು, ತಪ್ಪಿದ ಹರಕೆಯನ್ನೂ ಮುರಿದ ಮಾತನ್ನೂ ಎತ್ತಿ ಆಡುವ ಅಧಿಕಾರ ಅವರದು. ಯಜಮಾನ ಕೈಮುಗಿದು ಕೇಳುತ್ತಾನೆ. ಹಿಂದಿನ ಕಾಲದಲ್ಲಿ ಬೆಳಗಾಯಿತೆಂದರೆ ಅದೇ ಮನುಷ್ಯ ಅದೇ ಮನೆಯ ಅಂಗಳದಾಚೆ ನಿಲ್ಲಬೇಕಾಗಿತ್ತು. ಅರುವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿಗಳ ಮಾಸಾಶನವನ್ನು ಸರಕಾರ ಘೋಷಿಸಿದುದು 2022ರಲ್ಲಿ. ಮಾಯದವರ ಬಾಕಿಯನ್ನು ಕಟ್ಟುನಿಟ್ಟಾಗಿ ಸಲ್ಲಿಸುವ ನಾಡಿನಲ್ಲಿ ಜೋಗದವರ ಬಾಕಿ ಇಷ್ಟು ತಡವಾದುದೇಕೆಂದು ಕೇಳಬೇಕಾದುದೇ.

ಈ ನಾಲ್ಕು ಊರುಗಳ ವಿಚಾರಗಳು ಒಂದರೊಡನೊಂದು ಹೊಂದುವುದಿಲ್ಲ. ಕುಲೆ ಮನೆಯ ಸುತ್ತ ಉಳಿಯುತ್ತದೆಂಬುದೂ, ಜೀವ ಕ್ಷಣದಲ್ಲಿ ಮುಂದಿನ ಭವಕ್ಕೆ ಹೋಯಿತೆಂಬುದೂ, ಮಿದುಳಿನೊಡನೆ ಎಲ್ಲವೂ ಆರಿತೆಂಬುದೂ ಏಕಕಾಲಕ್ಕೆ ನಿಜವಾಗಿರಲಾರವು. ಯಾವುದು ನಿಜವೆಂದು ಹೈಡ್ಸ್‌ವಿಲ್ಲಿನ ಸದ್ದೂ ಹೇಳಲಿಲ್ಲ, ಮಣಿಪಾಲದ ಗಾಜಿನ ಪಾತ್ರೆಗಳೂ ಹೇಳವು. ಆದರೆ ಪರಲೋಕದ ಮಾತೆತ್ತಿದಾಗಲೆಲ್ಲ ಇಲ್ಲಿಯ ಜನ ಋಣದ ಮಾತನ್ನು ಎತ್ತುತ್ತಾರೆ. ಎಳವೆಯಲ್ಲಿ ಹೋದ ಮಗಳಿಗೆ ಒಂದು ಮದುವೆ, ದಾರಿಯಲ್ಲಿ ಸತ್ತ ಹಾವಿಗೆ ಒಂದು ಸಂಸ್ಕಾರ, ಕೈ ಕಳೆದುಕೊಂಡ ಶಿಲ್ಪಿಗೆ ವರ್ಷಕ್ಕೊಮ್ಮೆಯಾದರೂ ಊರಿನೆದುರು ಮಾತನಾಡುವ ಹಕ್ಕು. ವಿಜ್ಞಾನ ನಾಳೆ ಏನನ್ನೇ ಕಂಡುಹಿಡಿಯಲಿ, ಈ ಋಣಗಳು ಅದರಿಂದ ತೀರುವಂಥವಲ್ಲ. ಕಾರ್ಕಳಕ್ಕೆ ಹೋದವರು ಗೊಮ್ಮಟನ ಬೆಟ್ಟವಿಳಿದು ಬರುವಾಗ, ಬಂಡೆಯಲ್ಲಿ ಕಡಿದ ಮೆಟ್ಟಿಲುಗಳ ಮೇಲೆ ಹೆಜ್ಜೆಯಿಡುತ್ತ, ಅವನ್ನು ಕಡಿದ ಕೈಗಳನ್ನು ಒಮ್ಮೆ ನೆನೆದರೆ ಯಾತ್ರೆ ಸಾರ್ಥಕವಾದೀತು.